ಮಗುಗೆ ಬ್ಲಡ್ ಕ್ಯಾನ್ಸರ್ ಅಂದ್ರು, ಕ್ರೋಮೋಸೋಮ್ ಟೆಸ್ಟ್ ಬರ್ಕೊಟ್ರು: ಏನ್ ಮಾಡ್ಬೇಕು, ರಿಪೋರ್ಟ್ ಹೇಗೆ ಓದ್ಬೇಕು

ನಾನು ಸೈಟೋಜೆನೆಟಿಕ್ಸ್ ಲ್ಯಾಬಲ್ಲಿ ಕೆಲಸ ಮಾಡೋಳು, ಅಂದ್ರೆ ದಿನಾ ಮೈಕ್ರೋಸ್ಕೋಪ್ ಮುಂದೆ ಕೂತು ಕ್ರೋಮೋಸೋಮ್ ಎಣಿಸೋದು ನನ್ನ ಕೆಲಸ. ಕ್ರೋಮೋಸೋಮ್ ಅಂದ್ರೆ ಜೀವಕೋಶದೊಳಗೆ ಜೀನ್‌ಗಳನ್ನ ಹೊತ್ತಿರೋ ಎಳೆಗಳು. ಡಾಕ್ಟರ್ ಅಲ್ಲ, ಟ್ರೀಟ್‌ಮೆಂಟ್ ಹೇಳೋ ಅಧಿಕಾರ ನಂಗಿಲ್ಲ. ಆದ್ರೆ ರಿಪೋರ್ಟ್ ಇಸ್ಕೊಂಡು ಹೋಗೋಕೆ ಬರೋ ಅಪ್ಪ ಅಮ್ಮಂದಿರನ್ನ 14 ವರ್ಷದಿಂದ ನೋಡ್ತಿದೀನಿ. ಕವರ್ ಅಲ್ಲೇ ಬಿಚ್ತಾರೆ, ಮೂರು ಹಾಳೆ ತಿರುವಿ ಹಾಕ್ತಾರೆ, ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು "ಮೇಡಂ, ಇದು ಒಳ್ಳೇದಾ ಕೆಟ್ಟದ್ದಾ, ಅಷ್ಟು ಮಾತ್ರ ಹೇಳಿ" ಅಂತ ಕೇಳ್ತಾರೆ. ಕೌಂಟರ್ ಹತ್ರ ನಿಂತು ಅದಕ್ಕೆ ಉತ್ತರ ಕೊಡೋಕಾಗಲ್ಲ, ಕೊಡೋದು ತಪ್ಪು ಕೂಡ, ಆದ್ರೆ ಅವರನ್ನ ಹಾಗೇ ಕಳಿಸಿದ ದಿನ ರಾತ್ರಿ ನಿದ್ದೆ ಬರಲ್ಲ. ಅದಕ್ಕೇ ಇದನ್ನ ಬರೀತಿದೀನಿ, ನಿಧಾನವಾಗಿ ಓದಿ, ಬೇಕಾದ್ರೆ ಎರಡು ಸಲ ಓದಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಕ್ರೋಮೋಸೋಮ್ ರಿಪೋರ್ಟ್ ಅನ್ನೋದು ಮಗು ಉಳಿಯತ್ತೋ ಇಲ್ವೋ ಅಂತ ಬರೆದ ಜಾತಕ ಅಲ್ಲ. ಯಾವ ಔಷಧಿ, ಎಷ್ಟು ಜೋರಾಗಿ, ಇನ್ನೇನಾದ್ರೂ ಸೇರಿಸ್ಬೇಕಾ ಅಂತ ಡಾಕ್ಟರಿಗೆ ತೀರ್ಮಾನ ಮಾಡೋಕೆ ಇರೋ ಕಾಗದ ಅದು. ಇದೊಂದು ತಲೇಲಿಟ್ಕೊಂಡು ಓದಿದ್ರೆ ಅರ್ಧ ಭಯ ಕಮ್ಮಿ ಆಗತ್ತೆ.

ಹಂತ 1: ಸ್ಯಾಂಪಲ್ ತೆಗೆಯೋ ಮುಂಚೆ, ಸ್ಟೀರಾಯ್ಡ್ ಕೊಟ್ಟಿದಾರಾ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಮತ್ತೆ ಜನಕ್ಕೆ ಗೊತ್ತೇ ಇಲ್ಲದ ಹಂತ. ಮಗುಗೆ ವಾರಗಟ್ಟಲೆ ಜ್ವರ, ಮುಖ ಬಿಳುಚಿಕೊಂಡಿದೆ, ಕತ್ತಲ್ಲಿ ಗಂಟು, ಕಾಲು ನೋವು ಅಂತ ರಾತ್ರಿ ಅಳತ್ತೆ, ಊರಿನ ಕ್ಲಿನಿಕ್ಕಿಗೆ ಹೋಗ್ತೀರ, ಅಲ್ಲಿ ಒಂದು ಇಂಜೆಕ್ಷನ್ನೋ ಸಿರಪ್ಪೋ ಕೊಡ್ತಾರೆ, ಎರಡೇ ದಿನಕ್ಕೆ ಮಗು ಎದ್ದು ಆಟ ಆಡತ್ತೆ. ಆ ಔಷಧಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಆಗಿದ್ರೆ ಅದು ಸ್ಟೀರಾಯ್ಡ್, ಮಕ್ಕಳ ಸಾಮಾನ್ಯ ಲುಕೀಮಿಯಾಗೆ, ಅಂದ್ರೆ ಬ್ಲಡ್ ಕ್ಯಾನ್ಸರಿಗೆ, ಕೀಮೋಲಿ ಕೊಡೋದೂ ಅದನ್ನೇ. ಅಂದ್ರೆ ಕಾಯಿಲೆ ಏನು ಅಂತ ಗೊತ್ತಾಗೋ ಮುಂಚೇನೇ ಅರ್ಧಂಬರ್ಧ ಟ್ರೀಟ್‌ಮೆಂಟ್ ಶುರುವಾದಂಗೆ ಆಯ್ತು. ಆಮೇಲೆ ಬೋನ್ ಮ್ಯಾರೋ ತೆಗೆದ್ರೆ ಕ್ಯಾನ್ಸರ್ ಜೀವಕೋಶಗಳು ಕಮ್ಮಿ ಇರತ್ತೆ, ಇರೋವು ಕೂಡ ಲ್ಯಾಬಲ್ಲಿ ಬೆಳೆಯಲ್ಲ, ನಮಗೆ ಎಣಿಸೋಕೆ ಏನೂ ಸಿಗಲ್ಲ. ರಿಪೋರ್ಟಲ್ಲಿ "ಕಲ್ಚರ್ ಫೇಲ್ಯೂರ್" ಅಂತ ಬರತ್ತೆ.

ಆಗಲೇ ಕೊಟ್ಟುಬಿಟ್ಟಿದ್ರೆ ಯಾರನ್ನೂ ಬೈಕೊಂಡು ಕೂರಬೇಡಿ. ಚೀಟಿ, ಖಾಲಿ ಬಾಟ್ಲಿ, ಮಾತ್ರೆ ಸ್ಟ್ರಿಪ್ ಏನಿದ್ರೂ ಎತ್ಕೊಂಡು ಹೋಗಿ, ಯಾವತ್ತಿಂದ ಎಷ್ಟು ದಿನ ಕೊಟ್ರಿ ಅಂತ ಕ್ಯಾನ್ಸರ್ ಡಾಕ್ಟರಿಗೆ ಕೇಳದಿದ್ರೂ ಹೇಳಿ. ಮುಚ್ಚಿಡಬೇಡಿ. ರಿಸ್ಕ್ ಲೆಕ್ಕ ಹಾಕುವಾಗ ಅದೂ ಲೆಕ್ಕಕ್ಕೆ ಬರತ್ತೆ.

ಹಂತ 2: ಯಾವ್ಯಾವ ಟೆಸ್ಟಿಗೆ ಕಳಿಸ್ತಿದಾರೆ ಅಂತ ಕೇಳ್ಕೊಳ್ಳಿ

ಬೋನ್ ಮ್ಯಾರೋ ಅಂದ್ರೆ ಸೊಂಟದ ಹಿಂದಿನ ಮೂಳೆಗೆ ಸೂಜಿ ಹಾಕಿ ಮಜ್ಜೆ ಎಳೀತಾರೆ. ಒಂದೇ ಸಲ ಚುಚ್ಚಿದಾಗಲೇ ಎಲ್ಲಾ ಟೆಸ್ಟಿಗೂ ಬೇಕಾದಷ್ಟು ತೆಗೆದ್ರೆ ಮಗುಗೆ ಎರಡನೇ ಸಲ ನೋವಿಲ್ಲ, ಹಂಗಾಗಿ ಮುಂಚೆನೇ ಕೇಳೋದು ಒಳ್ಳೇದು. ಕ್ರೋಮೋಸೋಮ್ ನೋಡೋಕೆ ಮುಖ್ಯವಾಗಿ ಮೂರು ದಾರಿ ಇದೆ.

ಒಂದು ಕ್ಯಾರಿಯೋಟೈಪ್, ನಾನು ಕಣ್ಣಲ್ಲಿ ನೋಡಿ ಎಣಿಸೋದು ಇದನ್ನೇ. ಇದಕ್ಕೆ ಜೀವಂತ ಇರೋ ಕೋಶ ಬೇಕು, ಹೆಪಾರಿನ್ ಇರೋ ಹಸಿರು ಮುಚ್ಚಳದ ಟ್ಯೂಬಲ್ಲಿ ಬರಬೇಕು. ಎರಡನೇದು ಫಿಶ್. ಇಂಥಾ ಜೀನ್ ಎಲ್ಲಿದೆ ಅಂತ ಹೊಳೆಯೋ ಬಣ್ಣ ಹಾಕಿ ಹುಡುಕೋದು, ಸಾಮಾನ್ಯವಾಗಿ 200 ಕೋಶ ನೋಡ್ತೀವಿ, ಕೋಶ ಬೆಳೆಯದಿದ್ರೂ ನಡೆಯತ್ತೆ. ಮೂರನೇದು ಪಿಸಿಆರ್, ಬದಲಾದ ಜೀನಿನ ತುಂಡನ್ನ ಲೆಕ್ಕವಿಲ್ಲದಷ್ಟು ನಕಲು ಮಾಡಿ ಹಿಡಿಯೋದು, ಇದಕ್ಕೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು, ಹೆಪಾರಿನ್ ಟ್ಯೂಬಲ್ಲಿ ಹಾಕಿದ್ರೆ ಆ ಹೆಪಾರಿನ್ನೇ ಪಿಸಿಆರ್‌ಗೆ ಅಡ್ಡಿ ಮಾಡತ್ತೆ. ಇದರ ಜೊತೆಗೆ ಫ್ಲೋ ಸೈಟೋಮೆಟ್ರಿ ಅಂತ ಇನ್ನೊಂದು ಇರತ್ತೆ, ಅದು ಕ್ಯಾನ್ಸರ್ ಯಾವ ಥರದ ರಕ್ತದ ಕೋಶದ್ದು, ಬಿ ಸೆಲ್ಲಾ ಟಿ ಸೆಲ್ಲಾ ಅಥವಾ ಮೈಲಾಯ್ಡಾ ಅಂತ ಹೇಳತ್ತೆ, ಅದು ಬೇರೆ ವಿಷಯ.

ಮೂರೂ ಯಾಕೆ ಬೇಕು, ಒಂದು ಸಾಲದಾ, ದುಡ್ಡು ಮಾಡೋಕೆ ಬರೀತಾರೆ ಅಂತ ತುಂಬಾ ಜನ ಅಂದ್ಕೋತಾರೆ. ಹಾಗಲ್ಲ. ಮಕ್ಕಳ ಬಿ ಸೆಲ್ ಲುಕೀಮಿಯಾಲಿ ಜಾಸ್ತಿ ಸಿಗೋ ಬದಲಾವಣೆಗಳಲ್ಲಿ ಒಂದು 12ನೇ ಮತ್ತೆ 21ನೇ ಕ್ರೋಮೋಸೋಮಿನ ತುಂಡುಗಳು ಅದಲು ಬದಲಾಗೋದು, ಅದು ನನ್ನ ಮೈಕ್ರೋಸ್ಕೋಪಲ್ಲಿ ಕಾಣೋದೇ ಇಲ್ಲ, ಅದಲು ಬದಲಾದ ತುಂಡುಗಳ ಪಟ್ಟೆ ಒಂದೇ ಥರ ಇರತ್ತೆ. ಎಷ್ಟು ಅನುಭವ ಇರೋರು ಕೂತ್ರೂ "ನಾರ್ಮಲ್" ಅಂತಾನೇ ಬರೀತಾರೆ. ಅದನ್ನ ಹಿಡಿಯೋಕೆ ಫಿಶ್ ಅಥವಾ ಪಿಸಿಆರ್ ಆಗ್ಲೇಬೇಕು. ಹಾಗೇ ಫಿಶ್ ಅನ್ನೋದು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡತ್ತೆ, ಕೇಳದೇ ಇರೋದು ಕ್ಯಾರಿಯೋಟೈಪಲ್ಲೇ ಕಾಣಬೇಕು.

ಹಂತ 3: ಸ್ಯಾಂಪಲ್ ನೀವೇ ತಗೊಂಡು ಹೋಗೋದಾದ್ರೆ

ಎಷ್ಟೋ ಜಿಲ್ಲೆಗಳಿಂದ ಸ್ಯಾಂಪಲನ್ನ ಮನೆಯವರೇ ಬಸ್ಸಲ್ಲಿ ಬೆಂಗಳೂರಿಗೆ ತರ್ತಾರೆ. ಟ್ಯೂಬ್ ಮೇಲೆ ಮಗುವಿನ ಹೆಸರು, ಆಸ್ಪತ್ರೆ ನಂಬರ್, ತೆಗೆದ ದಿನ, ಟೈಮ್ ಬರೆದಿದೆಯಾ ನೋಡಿ. ರೂಮಿನ ಬಿಸಿಯಲ್ಲೇ ತನ್ನಿ, ಬಿಸಿಲಿಗೆ ನಿಲ್ಲಿಸಿದ ಕಾರಲ್ಲಿ ಬಿಡಬೇಡಿ, ಫ್ರೀಜರಲ್ಲಂತೂ ಇಡಲೇಬೇಡಿ. ಒಂದು ಸಲ ಒಂದು ಊರಿಂದ ಟ್ಯೂಬನ್ನ ಐಸ್ ಪ್ಯಾಕಿಗೇ ಒತ್ತಿ ಟೇಪ್ ಸುತ್ತಿ ಕಳಿಸಿದ್ರು, ಪಾಪ ಕೆಡಬಾರದು ಅಂತ ಒಳ್ಳೇ ಮನಸ್ಸಿಂದನೇ ಮಾಡಿದ್ದು, ಬಿಚ್ಚಿದ್ರೆ ಹೆಪ್ಪುಗಟ್ಟಿ ಕೋಶ ಎಲ್ಲಾ ಒಡೆದು ಬರೀ ಕೆಂಪು ನೀರು. ನಾಲ್ಕು ವರ್ಷದ ಮಗು, ಇನ್ನೊಂದು ಸಲ ಚುಚ್ಚಬೇಕಾಯ್ತು. ನಂಗೆ ಅದು ಇವತ್ತಿಗೂ ಮರೆತಿಲ್ಲ.

ಮತ್ತೊಂದು, ತೆಗೆದ ದಿನಾನೇ ಅಥವಾ ತಪ್ಪಿದ್ರೆ ಮಾರನೇ ದಿನ ತಲುಪಬೇಕು. ಶನಿವಾರ ಸಂಜೆ ಅಥವಾ ಹಬ್ಬದ ಹಿಂದಿನ ದಿನ ಆದ್ರೆ "ಲ್ಯಾಬ್ ತೆಗೆದಿರತ್ತಾ" ಅಂತ ಫೋನ್ ಮಾಡಿ ಕೇಳಿ ಹೊರಡಿ.

ಹಂತ 4: ಕಾಯೋ ದಿನಗಳು

ಫಿಶ್, ಪಿಸಿಆರ್ ಬೇಗ ಬರತ್ತೆ, ಕ್ಯಾರಿಯೋಟೈಪ್‌ಗೆ ಒಂದು ವಾರ, ಕೆಲವು ಸಲ ಎರಡು ವಾರ. ಇಷ್ಟು ದಿನ ಯಾಕೆ ಅಂತ ಸಿಟ್ಟು ಬರೋದು ಸಹಜ, ಅದಕ್ಕೆ ಒಳಗೆ ಏನ್ ನಡೆಯತ್ತೆ ಅಂತ ಹೇಳ್ತೀನಿ.

ಸ್ಯಾಂಪಲ್ ಬಂದ ತಕ್ಷಣ ಪೋಷಕಾಂಶ ಇರೋ ದ್ರವಕ್ಕೆ ಹಾಕಿ 37 ಡಿಗ್ರಿಯಲ್ಲಿ ಒಂದೆರಡು ದಿನ ಇಡ್ತೀವಿ. ಕ್ರೋಮೋಸೋಮ್ ಯಾವಾಗ್ಲೂ ಕಾಣಲ್ಲ, ಕೋಶ ಎರಡಾಗೋಕೆ ಹೊರಟ ಆ ಒಂದು ಘಳಿಗೆಯಲ್ಲಿ ಮಾತ್ರ ಗಟ್ಟಿಯಾಗಿ ಕಡ್ಡಿ ಥರ ಕಾಣತ್ತೆ, ಅದೇ ಘಳಿಗೆಯಲ್ಲಿ ಅದನ್ನ ತಡೆದು ನಿಲ್ಲಿಸೋಕೆ ಕೊಲ್ಸೆಮಿಡ್ ಅನ್ನೋ ಔಷಧಿ ಹಾಕ್ತೀವಿ. ಆಮೇಲೆ ಉಪ್ಪಿನಂಶ ಕಮ್ಮಿ ಇರೋ ದ್ರಾವಣ ಹಾಕಿದ್ರೆ ಕೋಶ ಉಬ್ಬತ್ತೆ, ಕ್ರೋಮೋಸೋಮ್ ಬಿಡಿಬಿಡಿಯಾಗತ್ತೆ. ಗಾಜಿನ ಸ್ಲೈಡ್ ಮೇಲೆ ಹನಿ ಹಾಕಿ, ಒಣಗಿಸಿ, ಜೀಮ್ಸಾ ಬಣ್ಣ ಹಾಕಿದಾಗ ಕಪ್ಪು ಬಿಳಿ ಪಟ್ಟೆ ಮೂಡತ್ತೆ. ಆ ಪಟ್ಟೆ ನೋಡ್ಕೊಂಡೇ ಇದು 9, ಇದು 22 ಅಂತ ಗುರುತು ಹಿಡಿಯೋದು.

ಈಗ ಕೇಳಿ. ಆರೋಗ್ಯವಾಗಿರೋ ಕೋಶದ ಕ್ರೋಮೋಸೋಮ್ ಉದ್ದುದ್ದಕ್ಕೆ, ಪಟ್ಟೆ ಸ್ಪಷ್ಟವಾಗಿ, ನೋಡೋಕೇ ಚೆಂದ ಇರತ್ತೆ. ಲುಕೀಮಿಯಾ ಕೋಶದ್ದು ಹಾಗಲ್ಲ, ಎಣ್ಣೇಲಿ ನೆನೆದ ಹತ್ತಿಬತ್ತಿ ಥರ ಗಿಡ್ಡಕ್ಕೆ, ಮಬ್ಬಾಗಿ, ಒಂದಕ್ಕೊಂದು ಅಂಟ್ಕೊಂಡು ಇರತ್ತೆ. ಕಣ್ಣು ತಾನಾಗೇ ಚೆಂದ ಇರೋದರ ಕಡೆ ಓಡತ್ತೆ, ಹೊಸಬರು ಅದನ್ನೇ ಆರಿಸ್ಕೊಂಡು 20 ಎಣಿಸಿ 46 ಅಂತ ಬರೆದ್ರೆ ಮುಗೀತು, ಮಗುವಿನ ಕಾಯಿಲೆ ತಪ್ಪಿಸ್ಕೊಂಡು ಹೋಯ್ತು. ನಂಗೆ ಕೆಲಸ ಕಲಿಸಿದ ಮೇಡಂ ಮೊದಲ ವಾರನೇ ಹೇಳಿದ್ದು, "ಕೊಳಕಾಗಿ ಕಾಣೋದನ್ನ ಬಿಡಬೇಡಮ್ಮಾ, ಕಾಯಿಲೆ ಇರೋದು ಅದರಲ್ಲೇ." ಹಂಗಾಗಿ ಒಂದೊಂದು ಮಬ್ಬು ಕೋಶಕ್ಕೂ ಅರ್ಧ ಗಂಟೆ ಹಿಡಿಯತ್ತೆ. ನೀವು ಕಾಯ್ತಿರೋ ದಿನಗಳು ಅಲ್ಲಿ ಹೋಗ್ತಿರತ್ತೆ.

ಇನ್ನೊಂದು ಸಮಾಧಾನದ ಮಾತು, ರಿಪೋರ್ಟಿಗೆ ಕಾಯ್ಕೊಂಡು ಟ್ರೀಟ್‌ಮೆಂಟ್ ನಿಂತಿರಲ್ಲ. ಎಎಲ್ಎಲ್ ಅಂದ್ರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೀಮಿಯಾದಲ್ಲಿ ಮೊದಲ ದಿನಗಳ ಔಷಧಿ ಹೆಚ್ಚುಕಮ್ಮಿ ಎಲ್ಲಾ ಮಕ್ಕಳಿಗೂ ಒಂದೇ, ರಿಪೋರ್ಟ್ ಬಂದ ಮೇಲೆ ದಾರಿ ಬೇರೆ ಬೇರೆ ಆಗತ್ತೆ.

ಹಂತ 5: ಆ ಒಂದು ಸಾಲನ್ನ ಬಿಡಿಸಿ ಓದೋದು

ಉದಾಹರಣೆಗೆ ಹೀಗಿರತ್ತೆ: 46,ಎಕ್ಸ್‌ವೈ,ಟಿ(9;22)(ಕ್ಯೂ34;ಕ್ಯೂ11.2)[14]/46,ಎಕ್ಸ್‌ವೈ[6]

ರಿಪೋರ್ಟಲ್ಲಿ ಇಂಗ್ಲಿಷ್ ಅಕ್ಷರ ಇರತ್ತೆ, ನಾನು ಓದೋ ಹಾಗೆ ಬರೆದಿದೀನಿ. ಮೊದಲ 46 ಅಂದ್ರೆ ಒಟ್ಟು ಕ್ರೋಮೋಸೋಮ್ ಎಷ್ಟು ಅಂತ, ಸಾಮಾನ್ಯವಾಗಿ ಎಲ್ಲರಿಗೂ ಇರೋದು 46. ಎಕ್ಸ್‌ವೈ ಅಂದ್ರೆ ಗಂಡು ಮಗು, ಎಕ್ಸ್‌ಎಕ್ಸ್ ಅಂದ್ರೆ ಹೆಣ್ಣು. ಟಿ ಅಂದ್ರೆ ಟ್ರಾನ್ಸ್‌ಲೊಕೇಶನ್, ಎರಡು ಕ್ರೋಮೋಸೋಮ್ ಮುರಿದು ತುಂಡುಗಳು ಅದಲು ಬದಲಾಗಿ ಅಂಟ್ಕೊಂಡಿವೆ, ಇಲ್ಲಿ 9 ಮತ್ತೆ 22. ಕ್ಯೂ ಅಂದ್ರೆ ಉದ್ದದ ತೋಳು, ಪಿ ಅಂದ್ರೆ ಗಿಡ್ಡ ತೋಳು, ಪಕ್ಕದ ನಂಬರ್ ಯಾವ ಪಟ್ಟೆ ಹತ್ರ ಮುರಿದಿದೆ ಅಂತ. ಚೌಕ ಬ್ರಾಕೆಟ್ಟಲ್ಲಿರೋ 14 ಅಂದ್ರೆ ನೋಡಿದ 20 ಕೋಶದಲ್ಲಿ 14ರಲ್ಲಿ ಹೀಗಿತ್ತು, ಉಳಿದ 6 ಸರಿಯಾಗಿತ್ತು. ಆ 6 ಮಗುವಿನ ಸ್ವಂತ ಆರೋಗ್ಯದ ಕೋಶಗಳು. 14 ಅಂದ್ರೆ ಕಾಯಿಲೆ 70 ಪರ್ಸೆಂಟ್ ಅಂತ ಲೆಕ್ಕ ಹಾಕಬೇಡಿ, ಲ್ಯಾಬಲ್ಲಿ ಯಾವ ಕೋಶ ಬೆಳೀತೋ ಅದನ್ನ ಮಾತ್ರ ಎಣಿಸಿರ್ತೀವಿ. ಪ್ಲಸ್ ಗುರುತು ಇದ್ರೆ ಆ ಕ್ರೋಮೋಸೋಮ್ ಒಂದು ಜಾಸ್ತಿ ಇದೆ, ಮೈನಸ್ ಇದ್ರೆ ಒಂದು ಇಲ್ಲ. ಡೆಲ್ ಅಂದ್ರೆ ತುಂಡು ಹೋಗಿದೆ, ಇನ್ವ್ ಅಂದ್ರೆ ತುಂಡು ತಿರುಗಿ ಕೂತಿದೆ.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. 12-21 ಬದಲಾವಣೆಗೆ ಈಗಿನ ಹೆಸರು ಇಟಿವಿ6-ರನ್ಎಕ್ಸ್1, ಹಳೇ ಹೆಸರು ಟೆಲ್-ಎಎಂಎಲ್1. ಹಳೇ ಹೆಸರು ನೋಡಿ "ನಮ್ಮ ಮಗುಗೆ ಎಎಲ್ಎಲ್ ಅಂದಿದ್ರು, ಇಲ್ಲಿ ಎಎಂಎಲ್ ಅಂತಿದೆ, ಮೋಸ ಮಾಡಿದ್ರಾ" ಅಂತ ಒಬ್ಬ ತಾಯಿ ಕೈ ನಡುಗಿಸ್ಕೊಂಡು ಬಂದಿದ್ರು. ಎಎಂಎಲ್ ಅಂದ್ರೆ ಮೈಲಾಯ್ಡ್ ಅನ್ನೋ ಬೇರೆ ಥರದ ಲುಕೀಮಿಯಾ, ಆದ್ರೆ ಇಲ್ಲಿರೋದು ಜೀನಿನ ಹಳೇ ಹೆಸರು ಅಷ್ಟೇ, ಕಾಯಿಲೆ ಹೆಸರಲ್ಲ, ಅದೂ ಅಲ್ಲದೆ ಅದು ಒಳ್ಳೇ ಗುಂಪಿನ ಬದಲಾವಣೆ. ಹಾಗೇ ಎಂಎಲ್ಎಲ್ ಅಂತ ಇದ್ರೂ ಕೆಎಂಟಿ2ಎ ಅಂತ ಇದ್ರೂ ಎರಡೂ ಒಂದೇ ಜೀನ್.

ಹಂತ 6: ಯಾವ ಬದಲಾವಣೆ ಏನ್ ಹೇಳತ್ತೆ

ಇಲ್ಲಿ ಬರೆದಿರೋದು ಜಾಸ್ತಿ ಬಿ ಸೆಲ್ ಎಎಲ್ಎಲ್ ಬಗ್ಗೆ, ಮಕ್ಕಳಲ್ಲಿ ಜಾಸ್ತಿ ಬರೋದು ಅದೇ. ಟಿ ಸೆಲ್ ಆದ್ರೆ ಕ್ರೋಮೋಸೋಮ್ ನೋಡಿ ದಾರಿ ಬದಲಾಯಿಸೋದು ಕಮ್ಮಿ, ಔಷಧಿಗೆ ಹೇಗೆ ಬಗ್ಗಿದೆ ಅನ್ನೋದೇ ಅಲ್ಲಿ ಮುಖ್ಯ.

ಈಗ ಹೇಳಿದ 12-21. ಪಾಶ್ಚಾತ್ಯ ದೇಶಗಳಲ್ಲಿ ಬಿ ಸೆಲ್ ಇರೋ ನಾಲ್ಕು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಇದು ಸಿಗತ್ತೆ, ನಮ್ಮಲ್ಲಿ ಸಿಗೋದು ಅದಕ್ಕಿಂತ ಕಮ್ಮಿ. ಔಷಧಿಗೆ ಚೆನ್ನಾಗಿ ಬಗ್ಗತ್ತೆ. ಒಳ್ಳೇ ಗುಂಪಿನ ಇನ್ನೊಂದು ಹೈ ಹೈಪರ್‌ಡಿಪ್ಲಾಯ್ಡಿ, 46 ಇರೋ ಜಾಗದಲ್ಲಿ 50ಕ್ಕಿಂತ ಜಾಸ್ತಿ, 55, 58 ಹೀಗೆ. ಜಾಸ್ತಿ ಅಂದ ತಕ್ಷಣ ಕೆಟ್ಟದ್ದು ಅನ್ಸತ್ತೆ, ಆದ್ರೆ ಇಂಥಾ ಕೋಶ ಕೀಮೋಗೆ ಬೇಗ ಸಾಯತ್ತೆ. ಅದರಲ್ಲೂ 4 ಮತ್ತೆ 10 ಎರಡೂ ಒಂದೊಂದು ಜಾಸ್ತಿ ಇದ್ರೆ ಇನ್ನೂ ಒಳ್ಳೇದು ಅಂತ ಲೆಕ್ಕ.

ಕಮ್ಮಿ ಆದ್ರೆ ಮಾತ್ರ ಹುಷಾರಾಗಿರಬೇಕು. 44ಕ್ಕಿಂತ ಕಮ್ಮಿ ಇದ್ರೆ ಹೈಪೋಡಿಪ್ಲಾಯ್ಡಿ, ಇದು ಕಷ್ಟದ ಗುಂಪು, ಸಿಗೋದು ಅಪರೂಪ. ಇದರಲ್ಲೊಂದು ಮೋಸ ಇದೆ, ಲ್ಯಾಬಿನೋರು ಕಣ್ಣಲ್ಲಿ ಕಣ್ಣಿಟ್ಟು ನೋಡೋ ಮೋಸ. 28 ಕ್ರೋಮೋಸೋಮ್ ಇರೋ ಕೋಶ ತನ್ನನ್ನೇ ಡಬಲ್ ಮಾಡ್ಕೊಂಡು 56 ಆಗ್ಬಿಡತ್ತೆ. ಎಣಿಸಿದ್ರೆ 56, ಅಂದ್ರೆ ಒಳ್ಳೇ ಗುಂಪು ಅಂತ ಅನ್ಸತ್ತೆ, ನಿಜವಾಗಿ ಅದು ಕಷ್ಟದ ಗುಂಪು. ಬರೀ ಎಣಿಕೆ ಸಾಲದು, ಯಾವುದು ಎಷ್ಟಿದೆ ಅಂತ ನೋಡ್ಬೇಕು. ಡಬಲ್ ಆಗಿದ್ರೆ ಕೆಲವು ನಾಲ್ಕು ನಾಲ್ಕು, ಉಳಿದವು ಎರಡೆರಡು ಇರತ್ತೆ, ನಿಜವಾದ ಹೈಪರ್‌ಡಿಪ್ಲಾಯ್ಡಿಯಲ್ಲಿ ಮೂರು ಮೂರು ಇರೋವೇ ಜಾಸ್ತಿ ಕಾಣತ್ತೆ. ಅನುಮಾನ ಬಂದ್ರೆ ಡಿಎನ್ಎ ಇಂಡೆಕ್ಸ್ ಅಂತ ಮಾಡಿ ಕೋಶದ ಒಟ್ಟು ಡಿಎನ್ಎ ಅಳೀತಾರೆ. ರಿಪೋರ್ಟಲ್ಲಿ 50ರ ಮೇಲೆ ಇದ್ರೆ "ಇದು ಡಬಲ್ ಆಗಿರೋ ಹೈಪೋಡಿಪ್ಲಾಯ್ಡಿ ಅಲ್ಲ ಅಂತ ಖಾತ್ರಿ ಮಾಡ್ಕೊಂಡಿದೀರಾ" ಅಂತ ಡಾಕ್ಟರನ್ನ ಕೇಳಿ, ತಪ್ಪೇನಿಲ್ಲ.

9-22, ಫಿಲಡೆಲ್ಫಿಯಾ ಕ್ರೋಮೋಸೋಮ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಜನ ಇದರ ಹೆಸರು ಹುಡುಕಿದಾಗ ಸಿಗೋದೆಲ್ಲಾ ಎದೆ ಒಡೆಯೋ ಮಾತೇ. 1960ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ಅನ್ನೋರು ದೊಡ್ಡವರ ಒಂದು ಥರದ ಲುಕೀಮಿಯಾದಲ್ಲಿ ವಿಪರೀತ ಪುಟ್ಟದಾದ ಕ್ರೋಮೋಸೋಮ್ ನೋಡಿದ್ರು, ಅದಕ್ಕೇ ಆ ಹೆಸರು. ಅದು 9 ಮತ್ತೆ 22ರ ಅದಲು ಬದಲಿ ಅಂತ ಕಂಡುಹಿಡಿದಿದ್ದು ಶಿಕಾಗೋದ ಜಾನೆಟ್ ರೌಲಿ, 1973ರಲ್ಲಿ. ಮನೇಲಿ ಊಟದ ಟೇಬಲ್ ಮೇಲೆ ಕ್ರೋಮೋಸೋಮ್ ಫೋಟೋ ಕತ್ತರಿಸಿ ಜೋಡಿಸ್ತಾ ಕೂತಿದ್ದ ತಾಯಿ ಅವರು, ಮಕ್ಕಳು ಅಮ್ಮ ಕಾಗದದ ಬೊಂಬೆ ಆಡ್ತಿದಾಳೆ ಅಂತಿದ್ರಂತೆ. ನಂಗೆ ಕೆಲಸ ಬೇಜಾರಾದಾಗ ನೆನಪಾಗೋದು ಅವರೇ. ಆ ಎರಡು ತುಂಡು ಸೇರಿದ ಜಾಗದಲ್ಲಿ ಬಿಸಿಆರ್-ಎಬಿಎಲ್1 ಅನ್ನೋ ಹೊಸ ಜೀನ್ ಹುಟ್ಟತ್ತೆ, ಅದು ಕೋಶಕ್ಕೆ ಬೆಳಿ ಬೆಳಿ ಅಂತ ನಿಲ್ಲದೆ ಹೇಳ್ತಾನೇ ಇರತ್ತೆ. ಅದನ್ನೇ ತಡೆಯೋಕೆ ಅಂತ ಮಾಡಿದ ಮಾತ್ರೆ ಇಮ್ಯಾಟಿನಿಬ್, 2001ರಲ್ಲಿ ಅಮೆರಿಕಾದಲ್ಲಿ ಒಪ್ಪಿಗೆ ಸಿಕ್ತು. ಎಎಲ್ಎಲ್ ಇರೋ 100 ಮಕ್ಕಳಲ್ಲಿ 3ರಿಂದ 5 ಮಕ್ಕಳಿಗೆ 9-22 ಇರತ್ತೆ, ಮುಂಚೆ ಇದು ತುಂಬಾ ಕಷ್ಟದ ಗುಂಪಾಗಿತ್ತು, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ ಅನ್ನೋ ಹಾಗಿತ್ತು. ಈಗ ಕೀಮೋ ಜೊತೆ ಇಮ್ಯಾಟಿನಿಬ್ ಅಥವಾ ಡಸಾಟಿನಿಬ್ ಸೇರಿಸಿದ್ರೆ ಎಷ್ಟೋ ಮಕ್ಕಳು ಟ್ರಾನ್ಸ್‌ಪ್ಲಾಂಟ್ ಇಲ್ಲದೇನೇ ಹುಷಾರಾಗ್ತಾರೆ. ನಮ್ಮ ದೇಶದಲ್ಲಿ ಈ ಮಾತ್ರೆ ಕೈಗೆಟುಕೋ ರೇಟಲ್ಲಿ ಸಿಗೋದು ಇಲ್ಲಿನ ಕಂಪನಿಗಳ ಜೆನೆರಿಕ್‌ನಿಂದ, 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ನೆನಪಿರಬಹುದು, ಅದು ಇದೇ ಔಷಧಿ. ಹಂಗಾಗಿ ನೆಟ್ಟಲ್ಲಿ ಹಳೇ ಲೆಕ್ಕ ನೋಡಿ ಕುಸಿದು ಕೂರಬೇಡಿ, ಆ ಲೇಖನ ಯಾವ ಇಸವಿದು ಅಂತ ಮೊದಲು ನೋಡಿ. ಈ ಒಂದು ರಿಪೋರ್ಟ್ ಮಾತ್ರ ಬೇಗ ಬರಬೇಕು, ಇಂಡಕ್ಷನ್ ಅನ್ನೋ ಮೊದಲ ತಿಂಗಳಲ್ಲೇ ಮಾತ್ರೆ ಶುರು ಮಾಡೋದಿರತ್ತೆ. ತಡ ಆದ್ರೆ ನೀವೇ ಫೋನ್ ಮಾಡಿ ಕೇಳಿ.

11ನೇ ಕ್ರೋಮೋಸೋಮಿನ ಕ್ಯೂ23 ಹತ್ರ ಮುರಿದ್ರೆ ಕೆಎಂಟಿ2ಎ ಬದಲಾವಣೆ. ಒಂದು ವರ್ಷ ತುಂಬದ ಕೂಸುಗಳ ಎಎಲ್ಎಲ್‌ನಲ್ಲಿ 100ಕ್ಕೆ 70-80 ಭಾಗ ಇದೇ ಇರತ್ತೆ, ಕಷ್ಟದ ಕಾಯಿಲೆ, ಅದನ್ನ ಮುಚ್ಚಿಟ್ಟು ಹೇಳಲ್ಲ. ಇದಕ್ಕೆ ಬೇರೆ ಥರದ ಟ್ರೀಟ್‌ಮೆಂಟ್ ಇರತ್ತೆ, ಅನುಭವ ಇರೋ ಸೆಂಟರ್‌ಗೆ ಹೋಗೋದು ಮುಖ್ಯ. 1-19 ಅಂದ್ರೆ ಟಿಸಿಎಫ್3-ಪಿಬಿಎಕ್ಸ್1, ಈಗಿನ ಕೀಮೋಲಿ ಚೆನ್ನಾಗೇ ಬಗ್ಗತ್ತೆ, ಮೆದುಳಿನ ಕಡೆ ಮರಳೋ ಸಾಧ್ಯತೆ ಇರೋದ್ರಿಂದ ಬೆನ್ನಿಗೆ ಕೊಡೋ ಇಂಜೆಕ್ಷನ್ ಒಂದೂ ತಪ್ಪಿಸಬಾರದು. 21ನೇ ಕ್ರೋಮೋಸೋಮಿನ ಒಂದು ಭಾಗ ತನ್ನೊಳಗೇ ಹಲವು ಸಲ ನಕಲಾಗೋದಕ್ಕೆ ಐಆಂಪ್21 ಅಂತಾರೆ, ಸ್ವಲ್ಪ ದೊಡ್ಡ ಮಕ್ಕಳಲ್ಲಿ ಬರತ್ತೆ, ಕಮ್ಮಿ ಕೀಮೋ ಕೊಟ್ರೆ ಮರಳತ್ತೆ, ಜೋರಾಗಿ ಕೊಟ್ರೆ ಹತೋಟಿಗೆ ಬರತ್ತೆ. ಮಜಾ ಏನಂದ್ರೆ ಇದು ಗೊತ್ತಾಗೋದು 12-21 ಹುಡುಕೋಕೆ ಹಾಕಿದ ಫಿಶ್‌ನಲ್ಲೇ, ಎರಡು ಕೆಂಪು ಚುಕ್ಕೆ ಇರಬೇಕಾದ ಕಡೆ ಐದು ಆರು ಗುಂಪಾಗಿ ಕೂತಿರತ್ತೆ.

ಎಎಂಎಲ್ ಆದ್ರೆ ಲೆಕ್ಕನೇ ಬೇರೆ. 8-21, ಇನ್ವ್ 16 ಒಳ್ಳೇ ಗುಂಪು, 7ನೇದು ಒಂದು ಇಲ್ಲದಿದ್ರೆ ಕಷ್ಟದ ಗುಂಪು. 15-17 ಇದ್ರೆ ಅದು ಎಪಿಎಲ್ ಅನ್ನೋ ಎಎಂಎಲ್‌ನದೇ ಒಂದು ಥರ, ಮೊದಲ ದಿನಗಳಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿ, ಅನುಮಾನ ಬಂದ ತಕ್ಷಣ ರಿಪೋರ್ಟಿಗೂ ಕಾಯದೆ ಆಟ್ರಾ ಅನ್ನೋ ಔಷಧಿ ಶುರು ಮಾಡ್ತಾರೆ, ಆಮೇಲೆ ಆರ್ಸೆನಿಕ್ ಕೂಡ ಕೊಡ್ತಾರೆ, ಸಮಯಕ್ಕೆ ಶುರುವಾದ್ರೆ ತುಂಬಾ ಚೆನ್ನಾಗಿ ವಾಸಿಯಾಗೋ ಕಾಯಿಲೆ.

ಏನೂ ಸಿಗದೇ "ನಾರ್ಮಲ್ ಕ್ಯಾರಿಯೋಟೈಪ್" ಅಂತ ಬಂದ್ರೆ? ಲುಕೀಮಿಯಾ ಇಲ್ಲ ಅಂತ ಅಲ್ಲ ಅದು. ಎಷ್ಟೋ ಮನೆಯವರು ಆ ಪದ ನೋಡಿ ಕಾಯಿಲೆ ಹೋಯ್ತು ಅಂದ್ಕೊಂಡು ಊರಿಗೆ ಹೊರಟುಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಯಿಲೆಯ ಕೋಶ ಲ್ಯಾಬಲ್ಲಿ ಬೆಳೆದಿಲ್ಲದೇ ಇರಬಹುದು, ಅಥವಾ ಬದಲಾವಣೆ ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು, ಅಷ್ಟೇ.

ಹಂತ 7: ಮನೇಲಿ ಯಾರನ್ನೂ ದೂರಬೇಡಿ

ಕ್ರೋಮೋಸೋಮ್ ಅಂದ ತಕ್ಷಣ ವಂಶದ್ದು ಅಂತ ಬರತ್ತೆ ಮನಸ್ಸಿಗೆ. ಅತ್ತೆ ಸೊಸೆ ಕಡೆ ನೋಡ್ತಾರೆ, "ನಿಮ್ಮ ಕಡೆಯಿಂದಲೇ ಬಂದಿದ್ದು" ಅಂತಾರೆ. ನಮ್ಮಲ್ಲಿ ಸೋದರಮಾವನ್ನ, ಅತ್ತೆ ಮಗನ್ನ ಮದುವೆ ಆಗಿರೋರು ತುಂಬಾ ಜನ, ಅವರಂತೂ ರಕ್ತ ಸಂಬಂಧದಲ್ಲಿ ಆಗಿದ್ದಕ್ಕೇ ಹೀಗಾಯ್ತು ಅಂತ ತಮ್ಮನ್ನ ತಾವೇ ಬೈಕೋತಾರೆ. ಕೌಂಟರ್ ಮುಂದೆ ಅಂಥಾ ಅಮ್ಮಂದಿರು ಅತ್ತಿದ್ದನ್ನ ನಾನೇ ನೋಡಿದೀನಿ.

ಮೇಲೆ ಹೇಳಿದ ಬದಲಾವಣೆಗಳಲ್ಲಿ ಹೆಚ್ಚಿನವು ಅಪ್ಪ ಅಮ್ಮನಿಂದ ಬಂದಿದ್ದಲ್ಲ. ಮಗುವಿನ ಒಂದು ರಕ್ತದ ಕೋಶದಲ್ಲಿ ಎಲ್ಲೋ ಒಂದು ಸಲ ಆದ ಮುರಿತ, ಆ ಕೋಶದ ಮರಿಗಳಲ್ಲಿ ಮಾತ್ರ ಇರತ್ತೆ. ಅದಕ್ಕೇ ರಿಪೋರ್ಟಲ್ಲಿ 6 ಕೋಶ ಸರಿಯಾಗಿತ್ತು ಅಂದಿದ್ದು, ವಂಶದ್ದಾಗಿದ್ರೆ ಇಪ್ಪತ್ತರಲ್ಲೂ ಇರಬೇಕಿತ್ತು. ಇಂಗ್ಲೆಂಡಿನ ಮೆಲ್ ಗ್ರೀವ್ಸ್ ಅವರ ತಂಡ 1990ರ ದಶಕದಲ್ಲಿ, ಲುಕೀಮಿಯಾ ಬಂದ ಮಕ್ಕಳು ಹುಟ್ಟಿದಾಗ ಹಿಮ್ಮಡಿಯಿಂದ ಕಾರ್ಡ್ ಮೇಲೆ ತೆಗೆದಿಟ್ಟ ರಕ್ತದ ಹನಿನ ಹುಡುಕಿ ಪರೀಕ್ಷೆ ಮಾಡಿದ್ರು, ಎಷ್ಟೋ ಮಕ್ಕಳಲ್ಲಿ ಆ ಮುರಿತ ಹೊಟ್ಟೆಯಲ್ಲಿದ್ದಾಗಲೇ ಆಗಿತ್ತು. ಹೊಟ್ಟೆಯಲ್ಲಿ ಆಯ್ತು ಅಂದ್ರೆ ಅಮ್ಮ ಏನೋ ತಿಂದಿದ್ದಕ್ಕೆ, ಗ್ರಹಣ ನೋಡಿದ್ದಕ್ಕೆ ಅಂತ ಅಲ್ಲ. ಕೋಶಗಳು ಲೆಕ್ಕವಿಲ್ಲದಷ್ಟು ಸಲ ಒಡೆದು ಎರಡಾಗೋ ಕಾಲ ಅದು, ಅಲ್ಲಿ ಆಗೋ ತಪ್ಪು. ಆ ಮುರಿತ ಇದ್ದರೂ ಹೆಚ್ಚಿನ ಮಕ್ಕಳಿಗೆ ಕಾಯಿಲೆ ಬರೋದೇ ಇಲ್ಲ, ಆಮೇಲೆ ಇನ್ನೊಂದೆರಡು ಬದಲಾವಣೆ ಸೇರಿದ್ರೆ ಮಾತ್ರ ಬರೋದು.

ಹಾಗಂತ ಹುಟ್ಟಿನಿಂದ ಇರೋ ನಂಟು, ವಂಶದ ನಂಟು ಇಲ್ಲವೇ ಇಲ್ಲ ಅಂತಲ್ಲ. ಡೌನ್ ಸಿಂಡ್ರೋಮ್ ಇರೋ ಮಕ್ಕಳಿಗೆ 21ನೇದು ಹುಟ್ಟಿನಿಂದಲೇ ಮೂರಿರತ್ತೆ, ಅವರಿಗೆ ಲುಕೀಮಿಯಾ ಬರೋ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ, ಕೀಮೋದ ಅಡ್ಡ ಪರಿಣಾಮ ಕೂಡ ಜಾಸ್ತಿ, ಡಾಕ್ಟರ್ ಅದನ್ನ ನೋಡ್ಕೊಂಡೇ ಡೋಸ್ ಮಾಡ್ತಾರೆ. 32ರಿಂದ 39 ಕ್ರೋಮೋಸೋಮ್ ಇರೋ ಹೈಪೋಡಿಪ್ಲಾಯ್ಡಿ ಬಂದ್ರೆ ಟಿಪಿ53 ಅನ್ನೋ ಜೀನ್ ಹುಟ್ಟಿನಿಂದಲೇ ಕೆಟ್ಟಿರೋ ಸಾಧ್ಯತೆ ಇರತ್ತೆ, ಮನೇಲಿ ಚಿಕ್ಕ ವಯಸ್ಸಲ್ಲೇ ಬೇರೆಯವರಿಗೆ ಕ್ಯಾನ್ಸರ್ ಆಗಿದ್ರೆ ಖಂಡಿತ ಹೇಳಿ, ಜೆನೆಟಿಕ್ ಕೌನ್ಸೆಲಿಂಗ್ ಕೇಳಿ. ಮಜ್ಜೆ ಕೆಲಸ ನಿಲ್ಲಿಸ್ತಾ ಬರೋ ಫ್ಯಾಂಕೋನಿ ಅನೀಮಿಯಾ ಅನ್ನೋ ವಂಶದ ಕಾಯಿಲೆ ಥರದ್ದು ಮಾತ್ರ ರಕ್ತ ಸಂಬಂಧದ ಮದುವೆಯಲ್ಲಿ ಜಾಸ್ತಿ ಕಾಣತ್ತೆ, ಅದಕ್ಕೆ ಬೇರೆ ಟೆಸ್ಟೇ ಇದೆ.

ಹಂತ 8: ಡಾಕ್ಟರ್ ಹತ್ರ ಕೂತಾಗ ಕೇಳೋದು

ಒಂದು ಚೀಟೀಲಿ ಬರ್ಕೊಂಡು ಹೋಗಿ, ಅಲ್ಲಿ ಹೋದ್ಮೇಲೆ ದಿಕ್ಕು ತೋಚಲ್ಲ. ಕ್ಯಾರಿಯೋಟೈಪ್, ಫಿಶ್, ಪಿಸಿಆರ್ ಮೂರರಲ್ಲಿ ಯಾವುದು ಆಗಿದೆ ಯಾವುದು ಬಾಕಿ. ಈ ರಿಪೋರ್ಟಿಂದ ನಮ್ಮ ಮಗು ಯಾವ ರಿಸ್ಕ್ ಗುಂಪಿಗೆ ಬಂತು. ಟ್ರೀಟ್‌ಮೆಂಟಲ್ಲಿ ಏನಾದ್ರೂ ಬದಲಾಗತ್ತಾ. ಎಂಆರ್‌ಡಿ ಯಾವತ್ತು ಮಾಡ್ತೀರ.

ಎಂಆರ್‌ಡಿ ಅಂದ್ರೆ ಮೊದಲ ತಿಂಗಳ ಕೀಮೋ ಮುಗಿದ ಮೇಲೆ 10,000 ಕೋಶದಲ್ಲಿ ಒಂದು ಲುಕೀಮಿಯಾ ಕೋಶ ಉಳಿದಿದ್ರೂ ಹಿಡಿಯೋ ಟೆಸ್ಟ್. ಒಳ್ಳೇ ಕ್ರೋಮೋಸೋಮ್ ಇದ್ದು ಎಂಆರ್‌ಡಿ ಉಳಿದಿದ್ರೆ ಟ್ರೀಟ್‌ಮೆಂಟ್ ಜೋರು ಮಾಡ್ತಾರೆ, ಎಂಆರ್‌ಡಿ ಪೂರ್ತಿ ಹೋಗಿದ್ರೆ ಅದು ದೊಡ್ಡ ಧೈರ್ಯ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳು ಸೇರಿ ಮಾಡ್ಕೊಂಡಿರೋ ಐಸಿಕಲ್ ಅನ್ನೋ ಟ್ರೀಟ್‌ಮೆಂಟ್ ಪದ್ಧತಿಯಲ್ಲೂ ವಯಸ್ಸು, ಶುರುವಿನ ಬಿಳಿ ರಕ್ತಕಣ, ಎಂಟನೇ ದಿನ ಸ್ಟೀರಾಯ್ಡಿಗೆ ಹೇಗೆ ಬಗ್ಗಿದೆ, ಕ್ರೋಮೋಸೋಮ್, ಎಂಆರ್‌ಡಿ ಎಲ್ಲಾ ಸೇರಿಸಿಯೇ ಗುಂಪು ಮಾಡೋದು. ಕ್ರೋಮೋಸೋಮ್ ಒಂದೇ ನೋಡಿ ಯಾರೂ ತೀರ್ಪು ಕೊಡಲ್ಲ.

ದುಡ್ಡಿನ ವಿಷಯ ನಾಚಿಕೆ ಪಡದೆ ಮೊದಲ ದಿನನೇ ಮಾತಾಡಿ. ಕಿದ್ವಾಯಿ ಥರದ ಸರ್ಕಾರಿ ಸಂಸ್ಥೆ ಇದೆ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಆದ್ರೆ ಈ ಜೀನ್ ಟೆಸ್ಟುಗಳು ಅದರೊಳಗೆ ಬರತ್ತಾ ಅಂತ ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ರ ಕೇಳಿ. ಎಎಲ್ಎಲ್‌ಗೆ ಟ್ರೀಟ್‌ಮೆಂಟ್ ಎರಡು, ಎರಡೂವರೆ ವರ್ಷ ನಡೆಯತ್ತೆ. ಆರು ತಿಂಗಳಿಗೆ ಮಗು ಚೆನ್ನಾಗಿ ಕಾಣತ್ತೆ, ಕೂದಲು ಬರತ್ತೆ, ಸಾಕು ಅಂತ ಅನ್ಸತ್ತೆ, ಒಳ್ಳೇ ಗುಂಪಿನ ರಿಪೋರ್ಟ್ ಬಂದ ಮನೆಗಳಲ್ಲೇ ಇದು ಜಾಸ್ತಿ ಆಗತ್ತೆ ಅಂತ ನಂಗೆ ಅನ್ಸಿದೆ. ಒಳ್ಳೇ ಗುಂಪು ಅಂದಿದ್ದು ಪೂರ್ತಿ ಟ್ರೀಟ್‌ಮೆಂಟ್ ತಗೊಂಡ್ರೆ ಮಾತ್ರ.

ಹಂತ 9: ಕಾಗದ ಜೋಪಾನ

ಕಾಯಿಲೆ ಕಂಡಾಗ ಮಾಡಿದ ಮೊದಲ ರಿಪೋರ್ಟ್ ಇನ್ನೊಂದು ಸಲ ಮಾಡೋಕಾಗಲ್ಲ, ಕೀಮೋ ಶುರುವಾದ ಮೇಲೆ ಆ ಕೋಶಗಳೇ ಇರಲ್ಲ. ಕ್ಯಾರಿಯೋಟೈಪ್, ಫಿಶ್, ಪಿಸಿಆರ್, ಫ್ಲೋ, ಎಂಆರ್‌ಡಿ ಎಲ್ಲದರ ಒರಿಜಿನಲ್ ಒಂದು ಫೈಲಲ್ಲಿ ಹಾಕಿ, ಎರಡು ಸೆಟ್ ಜೆರಾಕ್ಸ್ ಮಾಡಿ, ಮೊಬೈಲಲ್ಲಿ ಫೋಟೋ ತೆಗೆದು ಮನೇಲಿ ಇನ್ನೊಬ್ಬರಿಗೆ ವಾಟ್ಸಾಪಲ್ಲಿ ಕಳಿಸಿಡಿ. ಆಸ್ಪತ್ರೆ ಬದಲಾಯಿಸಿದ್ರೆ ಹೊಸ ಡಾಕ್ಟರ್ ಮೊದಲು ಕೇಳೋದು ಇದನ್ನೇ. ಕಾಯಿಲೆ ಮರಳಿದ್ರೆ, ಮರಳದೇ ಇರಲಿ, ಅದು ಹಳೇದೇನಾ ಅಥವಾ ಹೊಸ ಬದಲಾವಣೆ ಸೇರಿದೆಯಾ ಅಂತ ನಾವು ಲ್ಯಾಬಲ್ಲಿ ಪಕ್ಕಪಕ್ಕ ಇಟ್ಟು ನೋಡೋದು ಅದೇ ಹಾಳೆನ. ಲ್ಯಾಬ್ ನಂಬರ್ ಇರೋ ರಸೀದಿ ಕೂಡ ಬಿಸಾಕಬೇಡಿ. ಆ ನಂಬರ್ ಇದ್ರೆ ಹಳೇ ಸ್ಲೈಡ್ ಹುಡುಕೋಕೆ ನಮಗೆ ಸುಲಭ ಆಗತ್ತೆ.